ಶಾರವ್ವ ದಿನಾ ನೋಡುವ ಹಳದಿ ಪಟ್ಟಿ

ಅಬಲೂರಿನ ಶಾರವ್ವ ಬೆಳಿಗ್ಗೆ ಒಲೆ ಹಚ್ಚುವುದಕ್ಕೂ ಮುಂಚೆ ಮಗಳ ಮೂತ್ರ ನೋಡುತ್ತಾಳೆ. ಎಂಟು ವರ್ಷದ ವಿದ್ಯಾಶ್ರೀ ತಂದಿಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಹಳದಿ ತುದಿಯ ಪಟ್ಟಿಯೊಂದನ್ನು ಅದ್ದಿ ತೆಗೆದು, ಅರವತ್ತು ಎಣಿಸುತ್ತಾಳೆ. ತುದಿ ಹಳದಿಯಾಗಿಯೇ ಉಳಿದರೆ ಸರಿ. ಹಸಿರಾದರೆ ಮೂತ್ರಪಿಂಡದಿಂದ ಪ್ರೋಟೀನು ಸೋರುತ್ತಿದೆ ಎಂದರ್ಥ.

ಐದು ತಿಂಗಳ ಹಿಂದೆ ಹುಡುಗಿಯ ಕಾಲ ಮೇಲೆ ನೇರಳೆ ಚುಕ್ಕೆಗಳೆದ್ದಾಗ ಅತ್ತೆ ಉಡಚವ್ವ, "ಅಮ್ಮ ಬಂದಾಳ" ಎಂದಿದ್ದಳು. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು, ಮನೆಯಲ್ಲಿ ಒಗ್ಗರಣೆ ನಿಂತಿತು. ಔಷಧ ಕೊಟ್ಟರೆ ದೇವಿ ಮುನಿಯುತ್ತಾಳೆ ಎಂಬ ಮಾತನ್ನು ಶಾರವ್ವನೂ ಒಪ್ಪಿದ್ದಳು, ಅದನ್ನವಳು ಮುಚ್ಚಿಡುವುದಿಲ್ಲ. ಹತ್ತನೇ ದಿನ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಬೇವಿನ ಸೊಪ್ಪನ್ನು ತಾನೇ ಕಿತ್ತೆಸೆದು ಶಾರವ್ವ ಮಗಳನ್ನು ಹಾವೇರಿಯ ಆಸ್ಪತ್ರೆಗೆ ಒಯ್ದಳು.

ಡಾಕ್ಟರು ಹೇಳಿದ್ದನ್ನು ಅವಳು ತನ್ನ ಮಾತಿನಲ್ಲಿ ಹೇಳುತ್ತಾಳೆ: "ರಕ್ತದಾಗ ಬಿಳಿ ಕಣ ಇರ್ತಾವ್ರಿ, ಗೋವಿನಜ್ವಾಳದ ರಾಶಿ ಕಾಯೋ ನಾಯಿ ಇದ್ದಂಗ. ಅವು ಗುರುತು ತಪ್ಪಿ ನಮ್ಮ ಹುಡುಗಿ ರಕ್ತನಾಳಾನ ಕಡದಾವು. ಗುಳಿಗಿ ಆ ನಾಯಿ ಕೊಲ್ಲೂದಿಲ್ಲ, ಕಟ್ಟಿ ಹಾಕತೈತಿ. ಒಮ್ಮಿಗೇ ಬಿಚ್ಚಬಾರದು."

ಗುಳಿಗೆಯಿಂದ ಹುಡುಗಿಯ ಮುಖ ಊದಿತು. "ಗಲ್ಲ ಪೂರಿ ಆಗ್ಯಾವಲ್ಲ, ವಿದ್ಯಾ?" ಎಂದು ನೆರೆಮನೆಯ ಇಮಾಮಬಿ ಕಾಡಿಸಿದಳು.

"ನಿಮ್ಮ ಪೂರಿಗಿಂತ ಛಲೋ ಉಬ್ಬ್ಯಾವು, ಕಾಕು."

ಚುಕ್ಕೆ ಮಾಯವಾದವು. ಗುಳಿಗೆಯನ್ನು ಹಂತಹಂತವಾಗಿ ಇಳಿಸಿ ಕಳೆದ ತಿಂಗಳು ಡಾಕ್ಟರೇ ನಿಲ್ಲಿಸಿದರು. ಆದರೆ ಮೂತ್ರಪಿಂಡಕ್ಕೆ ಪೆಟ್ಟು ತಡವಾಗಿಯೂ ಬೀಳಬಹುದು, ಪಟ್ಟಿ ಅದ್ದುವುದನ್ನು ಆರು ತಿಂಗಳವರೆಗೆ ಬಿಡಬಾರದು ಎಂದಿದ್ದರು. ಉಡಚವ್ವನಿಗೆ ಅದು ಸೇರಲಿಲ್ಲ.

"ಆರಾಮ ಆದ ಹೆಣ್ಣು ಕೂಸಿನ ಉಚ್ಚಿ ಹಿಡಕೊಂಡು ಕುಂದರ್ತಿ. ಮಂದಿ ಏನಂದಾರು?"

"ಮಂದಿ ಕಿಡ್ನಿ ಕೊಡ್ತಾರೇನ್ರಿ, ಅತ್ತಿ? ಕೊಡ್ತೇವಿ ಅಂದ್ರ ನಾಳಿಂದ ಬಿಡ್ತೇನಿ."

ಅಲ್ಲಿಯವರೆಗೆ ಬಚ್ಚಲಲ್ಲಿ ಇರುತ್ತಿದ್ದ ಲೋಟ ಮರುದಿನದಿಂದ ಓಣಿಗೆ ಕಾಣುವಂತೆ ಹೊರಗಿನ ಕಟ್ಟೆಗೆ ಬಂತು.

ಕಳೆದ ಸೋಮವಾರ ಪಟ್ಟಿ ಹಸಿರಾಯಿತು. ಇನ್ನೊಂದನ್ನು ಅದ್ದಿದಳು. ಅದೂ ಹಸಿರೇ. ಮೊಮ್ಮಗಳು ಗುಣವಾದಳೆಂದು ಮರುದಿನ ದೇವಿಗೆ ಉಡಿ ತುಂಬಲು ಉಡಚವ್ವ ಸೀರೆ, ಕಾಯಿ ತಂದಿಟ್ಟಿದ್ದಳು.

"ನಾಳಿ ಒಂದಿನ ತಡದು ಹೋಗು," ಎಂದಳು ಅತ್ತೆ.

"ದೇವಿ ಮುಂದಿನ ಮಂಗಳವಾರಕ್ಕೂ ಇರ್ತಾಳ್ರಿ," ಎಂದು ಶಾರವ್ವ ಚೀಲಕ್ಕೆ ಎರಡೂ ಪಟ್ಟಿ ಹಾಕಿಕೊಂಡು, ಮಗಳ ಕೈ ಹಿಡಿದು ಹಿರೇಕೆರೂರಿನ ಬಸ್ಸು ಹತ್ತಿದಳು. ಅಲ್ಲಿಂದ ಹಾವೇರಿ. ಬೇಗ ಬಂದದ್ದು ಒಳ್ಳೆಯದಾಯಿತು ಎಂದಷ್ಟೇ ಡಾಕ್ಟರು ಹೇಳಿ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಬರುವ ಗುರುವಾರ ಅಲ್ಲಿ, ಹಾನಿ ಎಷ್ಟಾಗಿದೆ ಎಂದು ತಿಳಿಯಲು, ವಿದ್ಯಾಶ್ರೀಯ ಮೂತ್ರಪಿಂಡದಿಂದ ಸೂಜಿಯಲ್ಲಿ ದಾರದೆಳೆಯಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.