ದಮ್ಮಡಿಗೆ ಜಾಗವಿಲ್ಲದ ಸಂಗೀತ

ಬಸ್ಸಿನಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿದ್ದರೆ ಅದು ಬಸ್ಸಿನ ತಪ್ಪಲ್ಲ, ಬಾರಿಸಿದ ನನ್ನ ಕೈ ಇನ್ನೂ ನಿಂತಿಲ್ಲ.

ಯರಗಟ್ಟಿ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸು ತಡವೆಂದು ತಿಳಿದ ಕೂಡಲೇ ಗೆಳತಿ ಶೈಲಾ ಬ್ಯಾಂಜೊ ತೆಗೆದಳು, ನಾನು ಮ್ಯಾಂಡೊಲಿನ್ ತೆಗೆದೆ. ಅಮೆರಿಕದ ಗುಡ್ಡಗಾಡಿನ ಬ್ಲೂಗ್ರಾಸ್ ಸಂಗೀತದ ಹುಚ್ಚು ನಮ್ಮಿಬ್ಬರಿಗೂ. ಫೋನಿನಲ್ಲಿ ಕೇಳಿ ಕೇಳಿಯೇ ಕಲಿತವರು. ಎರಡು ಸುತ್ತು ಬಾರಿಸುವಷ್ಟರಲ್ಲಿ, ಸಾಲಹಳ್ಳಿಗೆ ಭಜನೆಗೆ ಹೊರಟಿದ್ದ ಅಜ್ಜರೊಬ್ಬರು ಪಕ್ಕದಲ್ಲಿ ಕುಳಿತು ಚೀಲದಿಂದ ದಮ್ಮಡಿ ಹೊರತೆಗೆದರು.

‘ಇದರಾಗ ಚರ್ಮವಾದ್ಯ ಬಾರಸೂದಿಲ್ರಿ, ಅಜ್ಜಾರ,’ ಎಂದಳು ಶೈಲಾ. ನಿಯಮದ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು.

‘ಹಂಗಾರ ಲಯಾ ಯಾರು ಹಿಡೀತಾರ?’

ನಾನು ತಂತಿಗಳನ್ನು ಬೆರಳಿನಿಂದ ಅದುಮಿ, ಎರಡು ಪೆಟ್ಟುಗಳ ನಡುವೆ ‘ಚಕ್’ ಎಂದು ಹೊಡೆದು ತೋರಿಸಿದೆ. ಅಜ್ಜ ಕಿವಿಗೊಟ್ಟು ಕೇಳಿದರು. ದಮ್ಮಡಿ ಚೀಲಕ್ಕೆ ಮರಳಿತು, ಹಿತ್ತಾಳೆಯ ತಾಳಗಳು ಹೊರಬಂದವು. ನನ್ನ ‘ಚಕ್’ ಬೀಳುವ ಜಾಗದಲ್ಲೇ, ಕೂದಲೆಳೆಯಷ್ಟೂ ತಪ್ಪದೆ, ತಾಳ ಬೀಳತೊಡಗಿತು. ಆರು ವರ್ಷ ಲಯ ಕಾಯುತ್ತಿದ್ದ ನನ್ನ ಬಲಗೈಗೆ ಒಮ್ಮೆಲೇ ಬಿಡುಗಡೆ. ಅದು ರಾಗದ ಹಿಂದೆ ಓಡಿತು. ಶೈಲಾ ವೇಗ ಏರಿಸಿದಳು, ನಾನೂ ಬಿಡಲಿಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡೇ ಇಬ್ಬರನ್ನೂ ಹಿಡಿದಿಟ್ಟರು. ಬಸ್ಸು ಬಂದು ನಿಂತದ್ದು ಕಂಡಕ್ಟರ್ ಇಳಿದು ಬಂದು ಕರೆದಾಗಲೇ ಗೊತ್ತಾಯಿತು.

ಈಗ ಹಿಂದಿನ ಸೀಟಿನಲ್ಲಿ ಮೂವರೂ ಕುಳಿತಿದ್ದೇವೆ. ‘ಇನ್ನ ನಮ್ಮ ಪಾಳಿರಿ,’ ಎಂದು ಅಜ್ಜ ಭಜನೆ ಎತ್ತಿಕೊಂಡರು. ಒಂದು ಸಾಲು ಮುಗಿಯುವಷ್ಟರಲ್ಲಿ ಶೈಲಾ ಬ್ಯಾಂಜೊ ಬದಿಗಿಟ್ಟು ಕೈಚಾಚಿದಳು.

‘ತಾಳಾ ನನಗ ಕೊಡ್ರಿ, ಅಜ್ಜಾರ. ನೀವು ದಮ್ಮಡಿ ತಗೀರಿ.’