ಸ್ಕೂಲ್ ದಿಬ್ಬದ ಮೇಲೆ ಸೀರೆ

ಕಾದ ಆಂಪ್ಲಿಫೈಯರಿಗೆ ಒಂದು ವಾಸನೆ ಇರುತ್ತದೆ. ಸುಟ್ಟ ಧೂಳು, ಬಿಸಿ ತಗಡು, ಮೇಲೆ ಸಿಕ್ಕಿಸಿದ ಊದುಬತ್ತಿ. ಮೊನ್ನೆ ಹಿಂದೂಪುರದ ಒಂದು ಮದುವೆ ಛತ್ರದಲ್ಲಿ ಊಟಕ್ಕೆ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿದು, ನಮ್ಮೂರಿನ ಮೈಕ್ ಮಾವ ನೆನಪಾದ. ಪಕ್ಕದ ಎಲೆಯಲ್ಲಿ ಕೂತಿದ್ದ ನಮ್ಮೂರ ಅಜ್ಜಿಗೂ ಅವನೇ ನೆನಪಾಗಿರಬೇಕು. "ಎಂಥಾ ಪುಣ್ಯಾತ್ಮ ಅಂತೀರಿ. ಹೊಳೆ ಬಂದಾಗ ಮೈಕಿನಾಗೆ ಕಣ್ಣೀರ್ ಹಾಕ್ಕಂಡು ಬೇಡ್ಕಂಡ. ಅವನ ಮಾತಿಗೆ ಊರಿಗೂರೇ ಎದ್ದು ದಿಬ್ಬ ಹತ್ತಿತ್ತು" ಎಂದು ಎದುರು ಸಾಲಿನವರಿಗೆ ಹೇಳತೊಡಗಿದಳು.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಊರಲ್ಲಿ ಎಲ್ಲರೂ ಹೀಗೇ ಹೇಳುತ್ತಾರಲ್ಲ ಎಂದರೆ, ಎಲ್ಲರೂ ಹೀಗೇ ಹೇಳುತ್ತಾರೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಆವತ್ತು ನಾನು ಮೈಕಿನ ಪಕ್ಕದಲ್ಲೇ ನಿಂತಿದ್ದೆ. ಅವನು ಕಣ್ಣೀರು ಹಾಕಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಹಾಡುಹಗಲೇ ಒಂದು ಸುಳ್ಳು ಹೇಳಿದ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಆಂಧ್ರದ ಗಡಿಯ ನಮ್ಮೂರಿನಿಂದ ಹಿಂದೂಪುರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದೆ, ಸಿಕ್ಕ ಸಿಕ್ಕ ಚರ್ಚಾಸ್ಪರ್ಧೆಗೆಲ್ಲ ಹೆಸರು ಕೊಡುತ್ತಿದ್ದೆ. ಮದುವೆ ಸೀಸನ್ ಇಲ್ಲದಾಗ ಮೈಕ್ ಮಾವ ತನ್ನ ಅಂಗಡಿಯಲ್ಲೇ ನನಗೆ ಮೈಕ್ ಹಿಡಿದು ಅಭ್ಯಾಸ ಮಾಡಲು ಬಿಡುತ್ತಿದ್ದ, ಕಹಳೆಯ ವೈರು ಕಿತ್ತು. "ನೀನು ಊರಿಗೆಲ್ಲ ಕೇಳಿಸಿದ್ರೆ ನನ್ನ ಬಾಡಿಗೆ ಹೋಯ್ತದೆ ಕಣಮ್ಮ ಲಾಯರಮ್ಮ" ಎನ್ನುತ್ತಿದ್ದ. ಅವನ ಅಂಗಡಿಯ ಮಾಳಿಗೆಯ ಮೇಲಿನ ಕಹಳೆಯೇ ನಮ್ಮೂರ ಪತ್ರಿಕೆ. ಎಮ್ಮೆ ಕಳೆದಿದೆ, ಸೀಮೆಎಣ್ಣೆ ಬಂದಿದೆ, ಇಂಥವರು ತೀರಿಕೊಂಡರು... ಮೈಕಿನಲ್ಲಿ ಬಂದರೆ ನಿಜ, ಬರದಿದ್ದರೆ ಗಾಳಿಮಾತು. ಅವನ ಬಂಡವಾಳ ಆ ಹಳೇ ಆಂಪ್ಲಿಫೈಯರ್ ಅಲ್ಲ, ಈ ನಂಬಿಕೆ.

ನಮ್ಮೂರ ಪಕ್ಕದಲ್ಲಿ ಪೆನ್ನೇರು ಇದೆ. ಇದೆ ಎಂದರೆ ಮರಳು ಇದೆ. ಹೊಳೆಯೊಳಗೆ ನಾವು ನೀರಿಗಿಂತ ಹೆಚ್ಚು ಕ್ರಿಕೆಟ್ ನೋಡಿದವರು. ಹೊಳೆಯ ಹಳೇ ಪಾತ್ರದಲ್ಲೇ ಒಂದು ಬೀದಿ ಎದ್ದಿತ್ತು, ಅದಕ್ಕೆ ಯಾರೂ ನಾಚಿಕೆಪಡದೆ ಹೊಳೆಬೀದಿ ಎಂದೇ ಹೆಸರಿಟ್ಟಿದ್ದರು. ಇಂಥ ಊರಿಗೆ ಒಂದು ಸಂಸ್ಥೆಯವರು ಪ್ರವಾಹದ ತರಬೇತಿ ಕೊಡಲು ಬಂದರು. ಬಂದ ತರಬೇತಿದಾರ ಆಂಧ್ರದ ಕರಾವಳಿ ಕಡೆಯವನು, ವರ್ಷವರ್ಷವೂ ನೀರಿನಲ್ಲಿ ಮುಳುಗಿ ಎದ್ದವನು. ನಮ್ಮ ಹೊಳೆಯನ್ನು ನೋಡಿ ಅವನೂ ನೀರೆಲ್ಲಿ ಎಂದು ಕೇಳಿದ. ಆದರೂ ಕಮಿಟಿ ಆಯಿತು. ಎಚ್ಚರಿಕೆ ಕೂಗುವುದು ಮೈಕ್ ಮಾವನ ಕೆಲಸ, ಏನು ಕೂಗಬೇಕೆಂದು ಬರೆದುಕೊಡುವುದು ನನ್ನ ಕೆಲಸ.

ಒಂದು ದಿನ ಅಭ್ಯಾಸ ಇಟ್ಟರು. "ಹೊಳೆ ಬತ್ತೈತೆ, ಎಲ್ರೂ ಸ್ಕೂಲ್ ದಿಬ್ಬ ಹತ್ರಿ" ಎಂದು ಮಾವ ಕನ್ನಡದಲ್ಲಿ ಕೂಗಿದ, ತೆಲುಗಿನಲ್ಲೂ ಕೂಗಿದ. ತರಬೇತಿದಾರ ದಿಬ್ಬದ ಮೇಲೆ ಗಡಿಯಾರ ಹಿಡಿದು ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ. ಕೆಳಗಿಳಿದು ನೋಡಿದರೆ ಊರೆಲ್ಲ ಹೊಳೆಯೊಳಗೆ ನಿಂತಿದೆ. ಹೆಂಗಸರ ಕೈಯಲ್ಲಿ ಅರಿಶಿನ ಕುಂಕುಮ, ರವಿಕೆಕಣ. ಗಂಡಸರ ಕೈಯಲ್ಲಿ ತೆಂಗಿನಕಾಯಿ. ನಮ್ಮ ಕಡೆ ಅದೇ ಪದ್ಧತಿ. ಹೊಸ ನೀರು ಬಂತೆಂದರೆ ಎದುರು ಹೋಗಿ ಗಂಗಮ್ಮನಿಗೆ ಉಡಿ ತುಂಬಿ ಕರೆದುಕೊಂಡು ಬರಬೇಕು. ಎಷ್ಟೋ ವರ್ಷಕ್ಕೊಮ್ಮೆ ಬರುವ ನೆಂಟಳು ಬಾಗಿಲಿಗೆ ಬಂದಾಗ ಹಿತ್ತಲಿಂದ ಓಡಿಹೋಗುವವರು ಎಲ್ಲಿಯಾದರೂ ಇದ್ದಾರೆಯೇ?

"ಮೀರು ಪಾರಿಪೋವಾಲಂಡಿ" ಎಂದು ತರಬೇತಿದಾರ ಹಣೆ ಚಚ್ಚಿಕೊಂಡ. ನೀವು ಓಡಿಹೋಗಬೇಕು ಎಂದು ಮಾವ ಅದನ್ನು ಕನ್ನಡ ಮಾಡಿ ಬೇರೆ ಹೇಳಿದ.

"ಯಾಕಪ್ಪ ಓಡ್ಬೇಕು? ಗಂಗಮ್ಮ ಏನ್ ಪೊಲೀಸಾ?" ಎಂದಳು ಇದೇ ಅಜ್ಜಿ. "ಬರ್ದೇ ಇರೋಳ್ನ ಬತ್ತಾವ್ಳೆ ಅಂತ ಕೂಗ್ಸಿದ್ದೂ ಅಲ್ದೆ."

ಆಮೇಲಿನ ಮಳೆಗಾಲದಲ್ಲಿ ಗಂಗಮ್ಮ ನಿಜವಾಗಿ ಬಂದಳು. ಮಧ್ಯಾಹ್ನದ ಊಟ ಮುಗಿದಿತ್ತು. ನಮ್ಮೂರಲ್ಲಿ ಒಳ್ಳೇ ಬಿಸಿಲು. ಗಡಿಯಾಚೆಯ ಕರ್ನಾಟಕದಿಂದ ಮಾವನ ತಂಗಿಯ ಗಂಡ ಫೋನ್ ಮಾಡಿದ: ಹೊಳೆಯ ಮೇಲ್ಗಡೆ ದೊಡ್ಡ ಮಳೆ, ಕೆರೆಯೊಂದು ಒಡೆದಿದೆ, ನೀರು ಹೊರಟಾಗಿದೆ. ಫೋನಿನ ಮಾತು ಬೀದಿಗೂ ಕೇಳಿಸಿರಬೇಕು, ಮಾವ ಫೋನ್ ಇಟ್ಟು ನನ್ನ ಕಡೆ ತಿರುಗುವಷ್ಟರಲ್ಲಿ ಅಜ್ಜಿ ಅಂಗಡಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರಿಶಿನದ ಬಟ್ಟಲು. "ಗಂಗಮ್ಮ ಬತ್ತಾವ್ಳಂತೆ, ದಿಟವಾ?"

"ಯಾರಂದಿದ್ದು? ಏನೂ ಇಲ್ಲ ಹೋಗಮ್ಮ" ಎಂದ ಮಾವ. ಅವಳು ಹೋದ ಮೇಲೆ ನಾನು ಬರೆದುಕೊಟ್ಟಿದ್ದ ಎಚ್ಚರಿಕೆಯನ್ನು ಮಡಿಸಿ ಜೇಬಿಗಿಟ್ಟ. "ಇದನ್ನ ಕೂಗಿದ್ರೆ ಊರೆಲ್ಲ ಹೊಳೇಲಿ ಕಾಯಿ ಒಡೀತಾ ನಿಂತಿರ್ತದೆ."

ಅವನ ಮುಖ ನೋಡಿಯೇ ನನಗೆ ಅನುಮಾನ ಬಂತು. "ಮಾವ, ನಿಜಾನೇ ಹೇಳು. ಒಂದು ಸಲ ಸುಳ್ಳು ಹೇಳಿದ್ರೆ ಮುಂದಿನ ಸಲ ನಿನ್ನ ಮೈಕನ್ನ ಯಾರು ನಂಬ್ತಾರೆ?"

"ಮುಂದಿನ ಸಲಕ್ಕೆ ಇವ್ರು ಇರಬ್ಯಾಡ್ವಾ ಲಾಯರಮ್ಮ?"

ಇದು ವಾದವಲ್ಲ, ವಾದದಿಂದ ಜಾರಿಕೊಳ್ಳುವ ದಾರಿ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅಷ್ಟರಲ್ಲಿ ಅವನು ಸ್ವಿಚ್ ಒತ್ತಿಯಾಗಿತ್ತು.

"ಸ್ಕೂಲ್ ದಿಬ್ಬದ ಮೇಲೆ ಸೀರೆ ಹಂಚ್ತಾವ್ರೆ. ಗಂಡಸ್ರಿಗೆ ಪಂಚೆ. ರೇಷನ್ ಕಾರ್ಡ್ ತಗಂಡು ಮನೇಲಿರೋರೆಲ್ಲ ಬರ್ಬೇಕು, ತಲೆ ಎಣಿಸಿ ಕೊಡ್ತಾರೆ. ಈಗ್ಲೇ ಬಂದೋರ್ಗೆ ಮಾತ್ರ." ಆಮೇಲೆ ಅದನ್ನೇ ತೆಲುಗಿನಲ್ಲಿ, ಇನ್ನೂ ಸ್ವಲ್ಪ ಧಾರಾಳವಾಗಿ.

ಹೊಳೆಬೀದಿ ಖಾಲಿಯಾದ ವೇಗವನ್ನು ಆ ತರಬೇತಿದಾರ ನೋಡಬೇಕಿತ್ತು. ವರ್ಷಗಟ್ಟಲೆ ಮಂಚ ಬಿಟ್ಟೇಳದ ಮುದುಕರನ್ನು ಮಂಚದ ಸಮೇತ ಹೊತ್ತು ತಂದರು, ತಲೆ ಎಣಿಸುತ್ತಾರಲ್ಲ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಕಾರ್ಡ್ ಹಿಡಿದು ಒಟ್ಟಿಗೆ ಬಂದರು. ಒಬ್ಬಳು ಲೆಕ್ಕಕ್ಕೆ ಇರಲಿ ಎಂದು ಪಕ್ಕದ ಮನೆಯ ಕೂಸನ್ನೂ ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು, ಕೂಸಿನ ತಾಯಿ ಹಿಂದೆಯೇ ಬೈದುಕೊಂಡು ಬಂದಳು. ನಾವಿಬ್ಬರೂ ಕೊನೆಗೆ ಹತ್ತಿದೆವು. ಸಾಲು ಆಗಲೇ ನಿಂತಿತ್ತು.

ನೀರು ಬಂತು. ಕೆಂಪಗೆ, ಮುಳ್ಳು ಜಾಲಿಯನ್ನೆಲ್ಲ ಎಳೆದುಕೊಂಡು. ಹೊಳೆಬೀದಿಯ ಗೋಡೆಗಳು ನೆನೆದ ರೊಟ್ಟಿಯ ಹಾಗೆ ಕೂತವು. ಹೊಳೆಯೊಳಗೆ ನಾವು ಕಾಯಿ ಒಡೆಯುತ್ತಿದ್ದ ಜಾಗದ ಮೇಲೆ ಒಂದು ಇಡೀ ಬೇವಿನಮರ ತೇಲಿ ಹೋಯಿತು... ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಮಾವನ ಕಡೆ ತಿರುಗಿದಳು.

"ಅದಿರ್ಲಿ ಕಣಪ್ಪ, ಸೀರೆ ಎಲ್ಲಿ?"

ಒಂದು ಜೀವವೂ ಹೋಗಲಿಲ್ಲ. ಹೋದದ್ದು ಮೈಕಿನ ಮಾನ. ಸುಳ್ಳಿನಿಂದ ಬದುಕಿದೆವು ಎಂಬುದು ಎಲ್ಲರಿಗೂ ಗೊತ್ತು. ಸೀರೆ ಸಿಗಲಿಲ್ಲ ಎಂಬುದು ಇನ್ನೂ ಚೆನ್ನಾಗಿ ಗೊತ್ತು. ಪೋಲಿಯೋ ಹನಿ ಎಂದು ಅವನು ಕೂಗಿದರೆ "ಜೊತೆಗೆ ಸೀರೇನೂ ಉಂಟಾ?" ಎಂದು ಬೀದಿಯಲ್ಲಿ ನಗುತ್ತಿದ್ದರು. ಯಾರೋ ತೀರಿಕೊಂಡರೆಂದು ಕೂಗಿದರೆ ಆ ಮನೆಗೆ ಹೋಗಿ ಹೆಣ ಇದೆಯೇ ಎಂದು ಇಣುಕಿ ಬಂದು ಆಮೇಲೆ ಅಳುತ್ತಿದ್ದರು. ಮದುವೆಯ ಬಾಡಿಗೆಗಳು ಗೋರಂಟ್ಲದ ಮೈಕ್ ಸೆಟ್ಟಿನವರಿಗೆ ಹೋದವು. ನಾನು ಹೇಳಿದ್ದು ಸರಿಯಾಯಿತು. ಚರ್ಚಾಸ್ಪರ್ಧೆಯಲ್ಲಿ ಆಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಒಂದು ದಿನ ಅವನು ಕಹಳೆ ಇಳಿಸಿ, ಅಂಗಡಿಗೆ ಬೀಗ ಹಾಕಿ, ಕಲ್ಯಾಣದುರ್ಗಕ್ಕೆ ಹೊರಟುಹೋದ.

ಡಿಗ್ರಿಯಲ್ಲಿದ್ದಾಗ ಸ್ಪರ್ಧೆಯೊಂದಕ್ಕೆ ನಾನು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಫ್ಯಾನು ಮಿಕ್ಸಿ ರಿಪೇರಿ ಮಾಡುವ ಗೂಡಿನಲ್ಲಿ ಕೂತಿದ್ದ. ಮೈಕ್ ಎಲ್ಲಿ ಮಾವ ಎಂದೆ.

"ಮಾರ್ಬುಟ್ಟೆ ಕಣಮ್ಮ. ಈ ಊರಾಗೆ ನನ್ನ ಮಾತು ಜನ ಇನ್ನೂ ನಂಬ್ತಾರೆ. ಫ್ಯಾನು ನಾಳೆ ಕೊಡ್ತೀನಿ ಅಂದ್ರೂ ನಂಬ್ತಾರೆ."

"ಕೊಡ್ತೀಯಾ?"

"ಎಲ್ಲಿ ಕೊಡ್ತೀನಿ" ಎಂದು ನಕ್ಕ. ಟೀ ತರಿಸಿದ. ಊರಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಹೊಳೆಬೀದಿಯ ಮನೆ ಮನೆಯನ್ನೂ ಹೆಸರು ಹಿಡಿದು ಕೇಳಿದ. ಎಲ್ಲರೂ ಅಲ್ಲೇ ಮತ್ತೆ ಗೋಡೆ ಎಬ್ಬಿಸಿದ್ದಾರೆ ಎಂದೆ. ಅವನು ಮತ್ತೆ ಮಿಕ್ಸಿಯ ಸ್ಕ್ರೂ ತಿರುಗಿಸತೊಡಗಿದ.

ಅವನು ತೀರಿಕೊಂಡು ಈಗ ಎರಡು ವರ್ಷವಾಯಿತು. ಕಲ್ಯಾಣದುರ್ಗದಿಂದ ಸುದ್ದಿ ಬಂದಾಗ ನಮ್ಮೂರ ಅಂಗಡಿಯ ಮುಂದೆ ಒಬ್ಬರು "ದಿಟವಾ? ಯಾರು ಹೇಳಿದ್ದು, ಅವನೇನಾ?" ಎಂದರಂತೆ. ನಗು ಬಂತು ನನಗೂ. ಆಮೇಲೆ ತುಂಬ ಹೊತ್ತು ಬರಲಿಲ್ಲ.

ಛತ್ರದಲ್ಲಿ ಎಲೆಗೆ ಪಾಯಸ ಬಂತು. ಅಜ್ಜಿಯ ಕಥೆ ಕಣ್ಣೀರಿನವರೆಗೆ ಬಂದು, ಊರು ದಿಬ್ಬ ಹತ್ತಿ, ಎಲ್ಲರೂ ಅವನಿಗೆ ಕೈಮುಗಿಯುವಲ್ಲಿಗೆ ಮುಗಿದಿತ್ತು. ಎದುರು ಸಾಲಿನವರು ಲೊಚಗುಟ್ಟುತ್ತಿದ್ದರು. ನಾನು ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದೆ.

"ಹಂಗಂತೀಯಲ್ಲ ಅಜ್ಜಿ, ಮತ್ತೆ ಅವನು ಊರು ಬಿಟ್ಟು ಯಾಕೆ ಹೋದ?"