ಪೂಜೆಯಾದ ಬ್ಲೇಡು, ದುರಗಮ್ಮನ ಕುತ್ತಿಗೆ

ತಪ್ಪು ಲ್ಯಾಬಿನದು. ಎರಡನೇ ಬಾರಿ ಕೊಯ್ಸಿಕೊಂಡ ಕುತ್ತಿಗೆ ಮಾತ್ರ ಗೂಗಲ್ ಎಂಬ ಹಳ್ಳಿಯ ದುರಗಮ್ಮನದು.

ಕುರಿ ಸಾಕುವ ಮನೆಯ ದುರಗಮ್ಮ ನಮ್ಮ ಮಹಿಳಾ ಸಂಘದ ಸದಸ್ಯೆ. ಕುತ್ತಿಗೆಯ ಗಂಟು ಕ್ಯಾನ್ಸರೋ ಅಲ್ಲವೋ ತಿಳಿಯಬೇಕಿತ್ತು. ಅಕ್ಕಿಕಾಳಿನಷ್ಟು ತುಂಡು ರಾಯಚೂರಿನ ಖಾಸಗಿ ಲ್ಯಾಬಿಗೆ ಹೋಯಿತು. ಬಂದ ಉತ್ತರ: ‘ಕೊಯ್ಯುವಾಗ ಹರಿದು ಹಾಳಾಗಿದೆ, ಇನ್ನೊಂದು ಕೊಡಿ.’ ಮೊನ್ನೆ ಎರಡನೆಯದನ್ನು ಲ್ಯಾಬಿಗೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ.

“ಮೊದಲಿನ ತುಂಡು ಏನ್ ಮಾಡಿದ್ರಿ ಸಾಹೇಬ್ರ? ಉಂಡ್ರ್ಯಾ?” ಎಂದರು ದುರಗಮ್ಮ. ಲ್ಯಾಬಿನ ಮಾಲೀಕರು ಹೊಸ ತುಂಡಿನ ಡಬ್ಬಿ ಇಸಿದುಕೊಂಡರು.

ತುಂಡನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ಹತ್ತಾರು ಪಟ್ಟು ತೆಳುವಾದ ಪದರಗಳಾಗಿ ಕೊಯ್ಯುವ ಯಂತ್ರ ಅಲ್ಲೇ ಇತ್ತು. ಮೈಗೆ ವಿಭೂತಿ, ಹಿಡಿಗೆ ಒಣಗಿದ ಚೆಂಡುಹೂವು, ಬ್ಲೇಡಿನ ಅಂಚಿಗೂ ಕುಂಕುಮ! ಆಯುಧಪೂಜೆ ಸಾಂಗವಾಗಿ ನಡೆದಿತ್ತು. (ಆ ಪದರಕ್ಕಿಂತ ಕುಂಕುಮದ ಒಂದು ಕಣವೇ ದಪ್ಪವಿದ್ದೀತು.)

“ದಸರಾ ಮುಗಿದು ಎಷ್ಟು ದಿನಾ ಆತು? ಬ್ಲೇಡ್ ಯಾಕ ಬದಲಿ ಮಾಡಿಲ್ರಿ?” ಎಂದೆ.

“ಪೂಜಿ ಆಗಿದ್ದು ಹ್ಯಾಂಗ ಕಸಕ್ಕ ಒಗೀಲಿ ಮೇಡಂ? ಇನ್ನಾ ಹರಿತ ಅದ, ನೋಡ್ರಿಲ್ಲೆ” ಎನ್ನುತ್ತ ಅವರು ಬ್ಲೇಡು ಕಳಚಿ ದಿನಪತ್ರಿಕೆಯೊಂದನ್ನು ಸರಕ್ಕನೆ ಸೀಳಿದರು. (ಸೀಳಿದ ಪುಟ ಈ ಅಂಕಣದ್ದೇ. ವಿಮರ್ಶೆಯೆಂದು ಸ್ವೀಕರಿಸಿದೆ.) ಆಮೇಲೆ ಅದೇ ಬ್ಲೇಡನ್ನು ಯಂತ್ರಕ್ಕೆ ಮರಳಿ ಸಿಕ್ಕಿಸಿದರು!

ಕಾಗದ ಸೀಳಿದ್ದು ಪ್ರಮಾಣವೇ? ಎಂಥ ಬ್ಲೇಡಿನ ಅಂಚೂ ಸೂಕ್ಷ್ಮದರ್ಶಕದಡಿ ದುಂಡಗೇ ಇರುತ್ತದೆ. ಕಾಗದಕ್ಕೆ ಆ ದುಂಡುತನ ಲೆಕ್ಕಕ್ಕಿಲ್ಲ. ಪದರ ತೆಳುವಾದಷ್ಟೂ ಅದೇ ದೊಡ್ಡ ಅಡ್ಡಿ. ಸವೆದು ಇನ್ನಷ್ಟು ದುಂಡಗಾದ ಅಂಚು ಆಗ ಕೊಯ್ಯುವುದನ್ನು ಬಿಟ್ಟು ದಬ್ಬುತ್ತದೆ, ಹಿಚುಕುತ್ತದೆ, ಹರಿದುಹಾಕುತ್ತದೆ. ಮೊಂಡು ಈಳಿಗೆಗೆ ಹಣ್ಣಾದ ಟೊಮ್ಯಾಟೊ ಒಡ್ಡಿ ನೋಡಿ. ಬಳಸಿ ಎಸೆಯಲೆಂದೇ ಮಾಡಿದ ಬ್ಲೇಡಿಗೆ ಹಬ್ಬದಿಂದ ಹಬ್ಬದವರೆಗೆ ದುಡಿಮೆ! ಜಿಪುಣತನಕ್ಕೆ ಕುಂಕುಮ ಹಚ್ಚಿದರೆ ಭಕ್ತಿಯಾದೀತೇ?

ಕಣ್ಣುಮುಚ್ಚಿ ಅಲ್ಲಿಗೇ ಚೀಟಿ ಬರೆಯುವ ವೈದ್ಯರದೂ ತಪ್ಪು. ತಪಾಸಣೆಗೆ ಬಂದು ಚಹಾ ಕುಡಿದು ಹೋಗುವ ಅಧಿಕಾರಿಗಳದೂ ತಪ್ಪು.

ಮೆಟ್ಟಿಲಿಳಿಯುವಾಗ ದುರಗಮ್ಮ ಪಟ್ಟಿ ಕಟ್ಟಿದ ಕುತ್ತಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಮಾಲೀಕರತ್ತ ತಿರುಗಿದರು: “ಮತ್ತ ಮತ್ತ ಹೆಚ್ಚಾಕ ಇದೇನು ಬದನಿಕಾಯಿ ಅಲ್ರೀ ಯಪ್ಪಾ.”

ಮಾಲೀಕರೇ, ಅವರ ಎರಡನೇ ತುಂಡು ಈಗ ನಿಮ್ಮ ಮೇಣದೊಳಗಿದೆ. ನಾಳೆ ಬೆಳಿಗ್ಗೆ ಅದು ಯಂತ್ರವೇರುವ ಮುನ್ನ, ಪೂಜೆಯಾದ ಆ ಬ್ಲೇಡನ್ನು ದೇವರ ಜಗುಲಿಯ ಮೇಲಿಟ್ಟು ಹೊಸದನ್ನು ಹಾಕಿ.